ಹಿನ್ನೀರು ಇಳಿದ ನೆಲದಲ್ಲಿ ಕಿಷ್ಟಮ್ಮನ ಸಾಣಿಗೆ

ಸೂರ್ಯ ಇನ್ನೂ ಹುಟ್ಟಿಲ್ಲ. ಜುರಾಲ ಅಣೆಕಟ್ಟಿನ ಹಿನ್ನೀರು ಇಳಿದು ಬಿಟ್ಟುಹೋದ ನೆಲದಲ್ಲಿ, ಮಕ್ತಲ್ ಕಡೆಯ ದಂಡೆಗೆ, ಕಿಷ್ಟಮ್ಮ ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ಎದುರಿಗೆ ಮುಳುಗಡೆಯಾದ ಹಳ್ಳಿಯೊಂದರ ಉಳಿಕೆ: ಬಾಗಿಲಿಲ್ಲದ ಹೊಸ್ತಿಲುಗಳ ಸಾಲು, ಒಂದು ಒರಳು, ತೊಗಟೆ ಕಳಚಿಕೊಂಡು ಬೆಳ್ಳಗೆ ನಿಂತ ಬೇವಿನ ಮರ. ಬೇಸಿಗೆಯಲ್ಲಿ ಎರಡು ಮೂರು ತಿಂಗಳು ಈ ಊರು ನೀರಿನಿಂದ ಮೇಲೆದ್ದು ಬಂದು ಮತ್ತೆ ಮುಳುಗುತ್ತದೆ. ಗಾಳಿಯಿಲ್ಲ. ಆದರೂ ನೆಲದೊಳಗಿಂದ ಆಗಾಗ ಟಿಕ್, ಟಿಕ್ ಎಂಬ ಸದ್ದು. ಕೆಸರು ಒಣಗಿ ಬಿರಿಯುವ ಸದ್ದು ಅದು. ಗೊತ್ತಿಲ್ಲದವರಿಗೆ ಯಾರೋ ಕೆಳಗಿನಿಂದ ಬೆರಳಲ್ಲಿ ಕುಟ್ಟುತ್ತಿದ್ದಾರೆ ಅನ್ನಿಸುತ್ತದೆ, ಗೊತ್ತಿದ್ದವರಿಗೂ ಒಂದೊಂದು ಸಲ ಹಾಗೇ ಅನ್ನಿಸುತ್ತದೆ.

ಬಂದು ಅರ್ಧ ಗಂಟೆಯಾಯಿತು, ಕಿಷ್ಟಮ್ಮ ಇನ್ನೂ ನೆಲ ಮುಟ್ಟಿಲ್ಲ. ಪಕ್ಕದಲ್ಲಿ ದೊಡ್ಡ, ನಡು, ಸಣ್ಣ ಕಣ್ಣಿನ ಮೂರು ಸಾಣಿಗೆ, ಸವೆದ ಹಲ್ಲುಜ್ಜುವ ಬ್ರಷ್ಷು, ಬಿದಿರಿನ ಕಡ್ಡಿ, ಒಂದು ಚೊಂಬು ನೀರು, ಕಾಗದದ ಪೊಟ್ಟಣಗಳ ಕಟ್ಟು ಇವೆ. ಮುಂದೆ ಹನ್ನೆರಡು ಅಡಿಯ ಚೌಕಕ್ಕೆ ಗೂಟ ಹೊಡೆದು ದಾರ ಎಳೆದಿದೆ. ಒಳಗೆ ಮೊಳಕ್ಕೊಂದರಂತೆ ಅರವತ್ತನಾಲ್ಕು ಮನೆ. ಕಿಷ್ಟಮ್ಮ ಕಾಯುತ್ತಿರುವುದು ಸೂರ್ಯನಿಗೆ.

"ಬಿಸಿಲು ಅಡ್ಡ ಬೀಳಬೇಕ್ರಿ. ಆವಾಗ ಸಾಸಿವಿ ಕಾಳಿಗೂ ನೆಳ್ಳು ಬರ್ತೈತಿ. ನೆತ್ತಿ ಮ್ಯಾಗ ಬಂತಂದ್ರ ಎಲ್ಲಾ ಒಂದ ಬಣ್ಣ, ಏನೂ ಕಾಣಂಗಿಲ್ಲ" ಎನ್ನುತ್ತಾರೆ.

ಬಿಸಿಲು ಬರುತ್ತದೆ. ಸಪಾಟಾಗಿ ಕಾಣುತ್ತಿದ್ದ ನೆಲದ ತುಂಬ ಒಮ್ಮೆಲೇ ಸಾವಿರ ಸಣ್ಣ ನೆರಳುಗಳು ಏಳುತ್ತವೆ. ಕಿಷ್ಟಮ್ಮ ಕಣ್ಣು ಕಿರಿದು ಮಾಡಿ ಒಂದರ ಮೇಲೆ ನಿಲ್ಲಿಸುತ್ತಾರೆ, ಬೆರಳನ್ನು ಚೊಂಬಿನಲ್ಲಿ ಅದ್ದುತ್ತಾರೆ, ಹೋಗಿ ಮುಟ್ಟುತ್ತಾರೆ. ಕಲ್ಲು. ಇನ್ನೊಂದು. ಅದೂ ಕಲ್ಲು. "ಕಲ್ಲು ಸುಮ್ನ ಇರ್ತೈತ್ರಿ. ಶೇಂಗಾ ಸಿಪ್ಪಿ ಆದ್ರ ಸರೀತೈತಿ. ಎಲುಬು ಹಂಗಲ್ಲ. ಒದ್ದಿ ಬೆರಳನ್ನ ಹಿಡೀತೈತಿ. ಜರಾ ಜಗ್ಗಿದಂಗ ಆಗತೈತಿ." ಒಣಗಿದ ಎಲುಬಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ, ಅವು ನೀರು ಹೀರುವಾಗ ಬೆರಳು ಅಂಟಿದಂತಾಗುತ್ತದೆ, ಇಷ್ಟೇ ವಿಷಯ. ಕಾರಣ ಗೊತ್ತಿದ್ದರೂ ಕೇಳಿದವರು ಮೆಲ್ಲಗೆ ತಮ್ಮ ಬೆರಳು ಮಡಚಿಕೊಳ್ಳುತ್ತಾರೆ.

ಐವತ್ತೆರಡು ವಯಸ್ಸಿನ ಕಿಷ್ಟಮ್ಮ ಕೊಳೆತು ಮಣ್ಣಾದವರ ಎಲುಬು ಹುಡುಕಿಕೊಡುವ ಹೆಂಗಸು. ಗದ್ವಾಲ, ಮಕ್ತಲ್, ನಾರಾಯಣಪೇಟೆ, ಅತ್ತ ಅಲಂಪುರದವರೆಗೂ ಎಲ್ಲಿ ಹಳೆಯ ಹೆಣ ಸಿಕ್ಕರೂ ಪೊಲೀಸರು ಮೊದಲು ಫೋನು ಮಾಡುವುದು ಇವರಿಗೆ. ವರ್ಷಕ್ಕೆ ಹತ್ತು ಹನ್ನೆರಡು ಕರೆ. ತಲೆಬುರುಡೆ, ತೊಡೆಯ ಎಲುಬು ಎಂಥವರಿಗೂ ಸಿಗುತ್ತವೆ. ಒಬ್ಬ ಮನುಷ್ಯನಲ್ಲಿರುವ ಇನ್ನೂರ ಆರು ಎಲುಬುಗಳಲ್ಲಿ ನೂರ ಆರು ಇರುವುದು ಕೈಕಾಲಿನ ತುದಿಗಳಲ್ಲಿ, ಹೆಚ್ಚಿನವು ಕಡಲೆ, ಗೋಡಂಬಿ, ಖರ್ಜೂರದ ಬೀಜದಷ್ಟು ಸಣ್ಣವು. ಅವನ್ನು ಮಣ್ಣಿನಿಂದ ಬೇರ್ಪಡಿಸುವ ಕಣ್ಣು ಈ ಸೀಮೆಯಲ್ಲಿ ಇವರೊಬ್ಬರದೇ ಎಂದು ಇಲ್ಲಿಯ ಪೊಲೀಸರು ಹೇಳುತ್ತಾರೆ.

ಆ ಕಣ್ಣು ಬಂದದ್ದು ಶೇಂಗಾ ಹೊಲದಿಂದ. ಮಕ್ತಲ್ ಕಡೆಯ ಹೆಣ್ಣುಮಕ್ಕಳು ಸುಗ್ಗಿಗೆ ಗುಂಪು ಕಟ್ಟಿಕೊಂಡು ಐಜದ ಕಡೆ ಹೋಗುತ್ತಾರೆ. ಬಳ್ಳಿ ಕಿತ್ತ ಮೇಲೆ ನೆಲದಲ್ಲಿ ಉಳಿದ ಕಾಯಿಗಳನ್ನು ಮಣ್ಣು ಸಾಣಿಸಿ ಆರಿಸಿಕೊಳ್ಳುವುದು ಅವರ ಕೆಲಸ, ಹಕ್ಕಲು ಅನ್ನುತ್ತಾರೆ. ಮಣ್ಣಿನ ಬಣ್ಣದ ಕಾಯಿಯನ್ನು ಮಣ್ಣಿನಲ್ಲಿ ಕಾಣಬೇಕು. ಹನ್ನೆರಡು ವರ್ಷದ ಹಿಂದೆ ಕಿಷ್ಟಮ್ಮನ ಸಾಣಿಗೆಯಲ್ಲಿ ಕುದುರೆ ಲಾಳದ ಆಕಾರದ, ಎರಡು ಬೆರಳಗಲದ ವಸ್ತುವೊಂದು ಉಳಿಯಿತು. ಒದ್ದೆ ಬೆರಳನ್ನು ಹಿಡಿಯಿತು. ಜೊತೆಯವರು ಸಾಣಿಗೆ, ಬುತ್ತಿ ಎಲ್ಲ ಬಿಟ್ಟು ಓಡಿದರು. ಕಿಷ್ಟಮ್ಮ ಅಲ್ಲೇ ಕೂತರು.

"ಓಡಬೇಕು ಅನ್ನಿಸ್ತು, ಸುಳ್ಳ್ಯಾಕ ಹೇಳ್ಲಿ. ಆದರ ಹೊಲದಾಗ ಯಾರೋ ಒಬ್ಬರ ಇದ್ದಂಗ ಆತಲ್ರಿ. ಒಬ್ಬರನ್ನ ಬಿಟ್ಟು ಹೆಂಗ ಬರೋದು? ಪೊಲೀಸರು ಬರೋತನ ಕುಂತೆ. ಸಂಜಿ ಆತು."

ಅದು ಗಂಟಲಿನ ಎಲುಬು. ಮುರಿದಿತ್ತು. ಗದ್ವಾಲದಲ್ಲಿ ಮರಣೋತ್ತರ ಪರೀಕ್ಷೆ ಮಾಡುವ ಡಾಕ್ಟರ್ ರಜಿನಿ ಅದನ್ನು ನೋಡಿ, ಕತ್ತು ಹಿಸುಕಿದ್ದಾರೆ ಎಂದು ಬರೆದರು, ಆಮೇಲೆ ಇದನ್ನು ಹುಡುಕಿದವರು ಯಾರು ಎಂದು ಕೇಳಿದರು. ಪೊಲೀಸರು ಹಕ್ಕಲು ಆರಿಸುವ ಹೆಂಗಸು ಎಂದಾಗ ನಂಬಲಿಲ್ಲವಂತೆ. ಮುಂದಿನ ಹೆಣಕ್ಕೆ ಜೀಪು ಕಳಿಸಿ ಕರೆಸಿಕೊಂಡರು.

ಕಿಷ್ಟಮ್ಮನಿಗೆ ಓದು ಬರಹ ಇಲ್ಲ. ಡಾಕ್ಟರಮ್ಮ ಎಲುಬುಗಳನ್ನು ಚಾಪೆಯ ಮೇಲೆ ತಲೆಯಿಂದ ಕಾಲಿನವರೆಗೆ ಜೋಡಿಸಿ ತೋರಿಸುವರು, ಕಿಷ್ಟಮ್ಮ ತನಗೆ ಕಂಡಂತೆ ಹೆಸರಿಡುವರು. ಮಣಿಕಟ್ಟಿನ ಎಂಟು ಹರಳುಗಳಲ್ಲಿ ಒಂದಕ್ಕೆ ದೋಣಿ ಅಂದರು, ಒಂದಕ್ಕೆ ಚಂದ್ರ, ಒಂದಕ್ಕೆ ಬಟಾಣಿ. ರಜಿನಿ ನಕ್ಕುಬಿಟ್ಟರು. ಪುಸ್ತಕದಲ್ಲಿ ಪರದೇಶದ ಪಂಡಿತರು ಆ ಮೂರಕ್ಕೂ ಅದೇ ಹೆಸರನ್ನು ತಮ್ಮ ಭಾಷೆಯಲ್ಲಿ ಇಟ್ಟಿದ್ದಾರೆ. "ನನಗೆ ಆ ಹೆಸರು ಬಾಯಿಪಾಠ ಮಾಡೋಕೆ ಒಂದು ವರ್ಷ ಹಿಡೀತು, ಈಕೆ ಒಂದು ಸಂಜೆಗೆ ಮುಗಿಸಿದಳು" ಎನ್ನುತ್ತಾರೆ ಡಾಕ್ಟರು. ತೆಲುಗು ಮನೆಮಾತಿನ ಅವರು ಕನ್ನಡ ಕಲಿತದ್ದು ಈ ಚಾಪೆಯ ಪಕ್ಕದಲ್ಲೇ.

ಸತ್ತವರನ್ನು ನೆಲ ಹೇಗೆ ಇಟ್ಟುಕೊಳ್ಳುತ್ತದೆ ಎಂಬುದನ್ನು ಮಾತ್ರ ಕಿಷ್ಟಮ್ಮನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಹೆಣ ಕೊಳೆತ ಜಾಗದಲ್ಲಿ ಮೊದಲ ವರ್ಷ ಹುಲ್ಲು ಸುಟ್ಟುಹೋಗುತ್ತದೆ. ಎರಡನೆಯ ವರ್ಷ ಅಲ್ಲಿ ಮಾತ್ರ ಕಡುಹಸಿರಾಗಿ, ದಟ್ಟವಾಗಿ, ಒಂದಾಳುದ್ದ ಬರುತ್ತದೆ. ಆಡು ಅದಕ್ಕೆ ಬಾಯಿ ಹಾಕುವುದಿಲ್ಲ ಎಂದು ಇವರು ಆಣೆ ಮಾಡಿ ಹೇಳುತ್ತಾರೆ. ಕೂದಲು ಬುರುಡೆಯಿಂದ ಟೊಪ್ಪಿಗೆಯ ಹಾಗೆ ಇಡಿಯಾಗಿ ಜಾರುತ್ತದೆ. ಅದು ಸಿಗದಿದ್ದರೆ ಕಿಷ್ಟಮ್ಮ ತಲೆಯೆತ್ತಿ ಸುತ್ತಲಿನ ಗಿಡಗಳನ್ನು ನೋಡುತ್ತಾರೆ. ಹಕ್ಕಿಗಳು ಒಯ್ದು ಗೂಡಿಗೆ ಹಾಸಿರುತ್ತವೆ. ಧರೂರಿನ ಕಾಲುವೆಯ ಹತ್ತಿರ ಒಂದು ಜಾಲಿಗೆ ಏಣಿ ಇಟ್ಟು ಮೂರು ಗೂಡು ನೋಡಿದಾಗ ಮೂರರಲ್ಲೂ ಉದ್ದ ಕರಿ ಕೂದಲಿತ್ತು, ಒಂದರಲ್ಲಿ ಅದರ ಮೇಲೆ ಮೊಟ್ಟೆ. ಮೊಟ್ಟೆ ಒಡೆದು ಮರಿ ಹಾರುವವರೆಗೆ ಆ ಗೂಡು ಮುಟ್ಟಬೇಡಿ ಎಂದು ಕಿಷ್ಟಮ್ಮ ಪೊಲೀಸರ ಹತ್ತಿರ ಜಗಳ ತೆಗೆದಿದ್ದರು. ಉಳಿದ ಎರಡು ಗೂಡು ಸಾಕಾಯಿತು, ಪುಣ್ಯಕ್ಕೆ.

ಕರಿ ಎರೆ ಭೂಮಿ ಎಲ್ಲಕ್ಕಿಂತ ಕಷ್ಟದ್ದು. ಬೇಸಿಗೆಯಲ್ಲಿ ಮೊಣಕೈ ಆಳ ಬಿರಿಯುತ್ತದೆ, ಮಳೆಗೆ ಕೂಡಿಕೊಳ್ಳುತ್ತದೆ. ಬಿರಿದಾಗ ಸಣ್ಣ ಎಲುಬು ಜಾರಿ ಒಳಗೆ ಬೀಳುತ್ತದೆ, ಕೂಡಿದಾಗ ಬಾಯಿ ಮುಚ್ಚುತ್ತದೆ. "ನುಂಗ್ತೈತ್ರಿ ಅದು. ಬ್ಯಾರೆ ಮಾತಿಲ್ಲ" ಎನ್ನುತ್ತಾರೆ.

ಊರಿನಲ್ಲಿ ಇವರಿಗೆ ಎಲುಬಿನ ಕಿಷ್ಟಮ್ಮ ಎಂದೇ ಹೆಸರು. ಎದುರಿಗೆ ಯಾರೂ ಅನ್ನುವುದಿಲ್ಲ. ಮದುವೆ ಮನೆಗೆ ಕರೆಯುತ್ತಾರೆ, ರೊಟ್ಟಿ ಬಡಿಯಲು ಕರೆಯುವುದಿಲ್ಲ. ಬಳೆಗಾರ ಬಂದರೆ ಓಣಿಯ ಹೆಣ್ಣುಮಕ್ಕಳ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಹಿಚುಕಿ, ಬಳೆ ಏರಿಸುತ್ತಾನೆ. ಇವರ ಸರದಿ ಬಂದಾಗ ಬಳೆಗಳನ್ನು ಬಟ್ಟೆಯ ಮೇಲಿಟ್ಟು, ನೀವೇ ಹಾಕ್ಕೊಳ್ರಿ ಅನ್ನುತ್ತಾನೆ. ಶೇಂಗಾ ಗಿರಣಿಯಲ್ಲಿ ಹಮಾಲಿ ಮಾಡುವ ಗಂಡ ನರಸಿಂಹುಲುಗೆ ಮೊದಲ ಎರಡು ವರ್ಷ ಈ ಕೆಲಸ ಸರಿಬರಲಿಲ್ಲ. ಈಗ ಹೆಂಡತಿ ಬರುವ ಹೊತ್ತಿಗೆ ಹಿತ್ತಲಲ್ಲಿ ಬಿಸಿನೀರು ಕಾಯಿಸಿಟ್ಟಿರುತ್ತಾರೆ. ಎಷ್ಟು ತಿಕ್ಕಿದರೂ ಹೆಣದ ವಾಸನೆ ಮೂಗಿನಿಂದ ಹೋಗುವುದು ಮೂರನೆಯ ದಿನಕ್ಕೆ ಎಂದು ಕಿಷ್ಟಮ್ಮನ ಅಂದಾಜು. ಒಣ ಎಲುಬಿಗೆ ವಾಸನೆಯಿಲ್ಲ, ಹಳೆಯ ಮನೆಯ ಗೋಡೆಯ ವಾಸನೆ ಅಷ್ಟೇ. ತ್ರಾಸು ಕೊಡುವುದು ಕೊಳೆತು ಅರ್ಧ ದಾರಿಯಲ್ಲಿರುವ ಹೆಣಗಳು.

ಈ ಹಿನ್ನೀರಿನ ದಂಡೆಗೆ ಇವತ್ತು ಒಂಬತ್ತನೆಯ ದಿನ. ಹೋದ ಬೇಸಿಗೆಯ ಕೊನೆಯಲ್ಲಿ ಇಲ್ಲಿ ಕಲ್ಲಂಗಡಿ ಹಾಕಿದ್ದವರ ನೇಗಿಲಿಗೆ ಬುರುಡೆಯೊಂದು ಎದ್ದಿತು. ಎರಡೇ ದಿನದಲ್ಲಿ ಮೇಲಿನಿಂದ ನೀರು ಬಂತು. ಕೈಗೆ ಸಿಕ್ಕ ದೊಡ್ಡ ಎಲುಬುಗಳನ್ನಷ್ಟೇ ಎತ್ತಿಕೊಂಡು, ಬೆಳ್ಳಗಿನ ಬೇವಿನ ಮರದಿಂದ ಮೂವತ್ತೊಂದು ಹೆಜ್ಜೆ ಎಂದು ಬರೆದುಕೊಂಡು ಪೊಲೀಸರು ದಡ ಹತ್ತಿದರು. ಡಾಕ್ಟರ್ ರಜಿನಿ ಎಲುಬು ನೋಡಿ ಹೇಳಿದ್ದು ಇಷ್ಟು: ಹೆಣ್ಣು, ಇಪ್ಪತ್ತೆರಡರಿಂದ ಇಪ್ಪತ್ತೆಂಟರೊಳಗಿನ ವಯಸ್ಸು, ಎತ್ತರ ಐದಡಿ, ಮಣ್ಣಿಗೆ ಹಾಕಿ ಆಗಲೇ ಎರಡು ವರ್ಷದ ಹತ್ತಿರ. ತೊಡೆಯ ಎಲುಬಿನ ತುಂಡು ಡಿಎನ್‌ಎ ಪರೀಕ್ಷೆಗೆ ಹೋಯಿತು. ವರ್ಷ ವರ್ಷ ನೀರು ಕುಡಿದು ಒಣಗಿದ ಎಲುಬು ಅದು, ಏನೂ ಹೊರಡಲಿಲ್ಲ ಎಂದು ಚಳಿಗಾಲದಲ್ಲಿ ಉತ್ತರ ಬಂತು. ಅಷ್ಟು ವಯಸ್ಸಿನ, ಅಷ್ಟು ಎತ್ತರದ, ಮೂರು ವರ್ಷದಿಂದ ಕಾಣೆಯಾದ ಹೆಣ್ಣುಮಕ್ಕಳು ಈ ಭಾಗದ ಠಾಣೆಗಳ ಪಟ್ಟಿಯಲ್ಲಿ ಮೂವರಿದ್ದಾರೆ.

ಮೂವರಲ್ಲಿ ಒಬ್ಬಳ ತಾಯಿ ಅಗೋ ಅಲ್ಲಿ ಕುಳಿತಿದ್ದಾರೆ. ಮುಳುಗಿ ಎದ್ದ ಊರಿನ ಹೊಸ್ತಿಲೊಂದರ ಮೇಲೆ, ಹಿಂದೆ ಮನೆಯಿಲ್ಲ, ಮುಂದೆ ಬೀದಿಯಿಲ್ಲ. ಹೆಸರು ಶಿವಬಸಮ್ಮ, ನಾರಾಯಣಪೇಟೆಯ ಸೀರೆ ನೇಯುವ ಮನೆಯವರು. ಮೊದಲ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಾರೆ. ಮಗಳು ಸರಿತಾಳನ್ನು ಮಕ್ತಲ್ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಮೂರು ವರ್ಷದ ಹಿಂದೆ ಗಂಡನ ಮನೆಯವರು ಬಂದು, ನಿಮ್ಮ ಮಗಳು ಲಾರಿಯವನ ಜೊತೆ ಕರ್ನೂಲಿಗೆ ಓಡಿಹೋದಳು ಎಂದು ಬಾಗಿಲಲ್ಲಿ ನಿಂತು ಕೂಗಿ ಹೋದರು. ಓಣಿ ನಂಬಿತು. ಕೆಲವು ದಿನ ಶಿವಬಸಮ್ಮನೂ ನಂಬಿದರು. ನಂಬಿದೆನಲ್ಲ ಎಂಬುದೇ ಈಗ ಅವರನ್ನು ತಿನ್ನುತ್ತಿರುವುದು.

"ಓಡಿಹೋಗ್ಯಾಳ ಅಂತ ನಾನೂ ಬೈದೀನ್ರಿ ಆಕೀನ" ಎನ್ನುತ್ತಾರೆ ಶಿವಬಸಮ್ಮ. "ಬದುಕಿದ್ರ ಬದುಕಿರಲಿ, ಎಲ್ಲೆರ ಇರಲಿ. ಇಲ್ಲ ಅಂದ್ರ ಬೈದದ್ದು ಯಾರಿಗೆ ಬೈದೆ ನಾನು, ಅದ ಗೊತ್ತಾಗ್ಲಿ."

ಗೊತ್ತಾಗಲು ಒಂದೇ ದಾರಿಯಿದೆ. ಸರಿತಾ ಒಂಬತ್ತು ವರ್ಷದವಳಿದ್ದಾಗ ಹಿಟ್ಟಿನ ಗಿರಣಿಯ ಬೆಲ್ಟಿಗೆ ಎಡಗೈ ಕೊಟ್ಟು ಕಿರುಬೆರಳಿನ ತುದಿ ಕಳೆದುಕೊಂಡಿದ್ದಳು. ಬೆರಳಿನಲ್ಲಿ ಮೂರು ಎಲುಬಿರುತ್ತವೆ: ಬುಡದ್ದು, ನಡುವಿನದು, ತುದಿಯದು. ಈ ಮಣ್ಣಿನಲ್ಲಿ ಎಡಗಿರುಬೆರಳಿನ ತುದಿಯ ಎಲುಬು ಸಿಕ್ಕರೆ ಇವಳು ಸರಿತಾ ಅಲ್ಲ. ನಡುವಿನ ಎಲುಬು ತುದಿ ಮುರಿದು, ಗಾಯ ಮಾಗಿ, ಮೊಂಡಾಗಿ ಮುಚ್ಚಿಕೊಂಡ ಸ್ಥಿತಿಯಲ್ಲಿ ಸಿಕ್ಕರೆ ಇವಳು ಸರಿತಾ. ಎರಡೂ ಸಿಗದಿದ್ದರೆ ಏನನ್ನೂ ಹೇಳಲಾಗದು. ನಾಯಿ ಒಯ್ದಿರಬಹುದು, ನೀರು ಒಯ್ದಿರಬಹುದು.

ಒಂದು ಕೈಯಲ್ಲಿ ಇಪ್ಪತ್ತೇಳು ಎಲುಬು. ಎಂಟು ದಿನದಲ್ಲಿ, ದಿನಕ್ಕೆ ನೂರಿಪ್ಪತ್ತು ಸಾಣಿಗೆಯಂತೆ ಮಣ್ಣು ಸಾಣಿಸಿ, ಕಿಷ್ಟಮ್ಮ ಎಡಗೈಯ ಇಪ್ಪತ್ತೈದನ್ನು ಹುಡುಕಿದ್ದಾರೆ. ದೋಣಿ, ಚಂದ್ರ, ಬಟಾಣಿ ಎಲ್ಲ ಬಂದಿವೆ. ಕಿರುಬೆರಳಿನ ಬುಡದ ಎಲುಬೂ ಬಂದಿದೆ. ಬಾಕಿ ಇರುವುದು ಆ ಎರಡೇ. ಈ ಹೆಣ್ಣನ್ನು ಮಣ್ಣಿಗೆ ಹಾಕಿದವರು ಕೈಯನ್ನು ಎದೆಯ ಕೆಳಗೆ ಮಡಚಿ ಬೋರಲಾಗಿ ಹಾಕಿದ್ದರು ಎಂಬುದು ಕಿಷ್ಟಮ್ಮನಿಗೂ ಡಾಕ್ಟರಿಗೂ ಗೊತ್ತು, ಶಿವಬಸಮ್ಮನಿಗೆ ಹೇಳಿಲ್ಲ.

ಹನ್ನೊಂದರ ಹೊತ್ತಿಗೆ ಜೀಪು ಬರುತ್ತದೆ. ಎಎಸ್‌ಐ ಆಂಜನೇಯುಲು ಡಾಕ್ಟರ್ ರಜಿನಿಯ ಜೊತೆ ಇಳಿದು, ಮೇಲಿನ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ನಾಳೆ ಸಂಜೆಗೆ ಇಲ್ಲಿ ಮುಟ್ಟುತ್ತದೆ ಎನ್ನುತ್ತಾರೆ. ಕಿಷ್ಟಮ್ಮ ಕೊನೆಯ ಮನೆಯ ಮಣ್ಣನ್ನು ಮೂರನೆಯ ಸಾಣಿಗೆಗೆ ಹಾಕಿ ಅಲ್ಲಾಡಿಸುತ್ತಾರೆ. ಕಲ್ಲು, ಶಂಖದ ಹುಳದ ಚಿಪ್ಪು, ಒಂದು ಗುಂಡಿ. ಅರವತ್ತನಾಲ್ಕು ಮನೆ ಮುಗಿದವು. ಇವರು ತಲೆ ಎತ್ತಿ ಹೊಸ್ತಿಲ ಕಡೆ ನೋಡುವುದಿಲ್ಲ.

ಊಟಕ್ಕೆ ಕುಳಿತಾಗ ಆಗುತ್ತದೆ ಅದು. ಬುತ್ತಿ ಬಿಚ್ಚಿ, ಜೋಳದ ರೊಟ್ಟಿ ಮುರಿದು, ಮೊದಲ ಚೂರನ್ನು ದಿನದ ಹಾಗೆ ನೆಲಕ್ಕೆ ಹಾಕುತ್ತಾರೆ, ಹಾಕಿದ ಕೈ ಅಲ್ಲೇ ನಿಂತುಬಿಡುತ್ತದೆ. ರೊಟ್ಟಿ ಹಾಗೇ ಬಿಟ್ಟು ಎದ್ದು, ಜೀಪಿನ ಹತ್ತಿರ ಇದ್ದ ಡಾಕ್ಟರ್ ರಜಿನಿಯ ಮುಂದೆ ಹೋಗಿ ನಿಲ್ಲುತ್ತಾರೆ.

"ಅಮ್ಮಾ, ನಾ ತಪ್ಪು ಮಾಡೀನಿ."

ಹಕ್ಕಲು ಆರಿಸುವ ಹೆಣ್ಣುಮಕ್ಕಳಲ್ಲಿ ಒಂದು ಪದ್ಧತಿಯಿದೆ. ಹೊಲಕ್ಕಿಳಿದ ದಿನ ಮೊದಲ ಸಾಣಿಗೆಯಲ್ಲಿ ಉಳಿದದ್ದನ್ನು ನೋಡಬಾರದು, ಎಣಿಸಬಾರದು. ಮೂಡಲಿಗೆ ಮುಖ ಮಾಡಿ ಅದನ್ನು ಹೊಲಕ್ಕೇ ತೂರಬೇಕು, ಅದು ಭೂಮಿತಾಯಿಯ ಪಾಲು. ಎಲುಬಿನ ಕೆಲಸದಲ್ಲಿ ಹನ್ನೆರಡು ವರ್ಷ ಕಿಷ್ಟಮ್ಮ ಹೀಗೆ ಮಾಡಿದವರಲ್ಲ. ಆದರೆ ಈ ಸಲ ಐಜದಲ್ಲಿ ಮೂರು ವಾರ ಹಕ್ಕಲು ಆರಿಸಿ, ಮರುದಿನ ಬೆಳಗ್ಗೆಯೇ ಇಲ್ಲಿಗೆ ಬಂದಿದ್ದರು. ಮೊದಲ ದಿನ, ಮೊದಲ ಮನೆ, ಮೊದಲ ಸಾಣಿಗೆ. ಕೈ ತನ್ನಷ್ಟಕ್ಕೆ ತೂರಿತ್ತು. ದಾರದ ಆಚೆಗೆ.

ಆಂಜನೇಯುಲುಗೆ ಸಿಟ್ಟು ನೆತ್ತಿಗೇರುತ್ತದೆ. "ಏನ್ ಕಿಷ್ಟಮ್ಮಾ ಇದು? ಚೌಕದ ಹೊರಗ ಸಿಕ್ಕೈತಿ ಅಂದ್ರ ವಕೀಲ ಸುಮ್ನ ಬಿಡ್ತಾನಾ? ನೀವ ತಂದು ಹಾಕೀರಿ ಅಂತಾನ. ಹೋಗಿ ಸುಮ್ನ ಹುಡುಕು. ಸಿಕ್ರ ಒಳಗಿನ ಸಾಣಿಗ್ಯಾಗ ಸಿಕ್ತು ಅಂತ ಬರೀತೀನಿ. ಯಾರು ನೋಡ್ಯಾರ?"

ಯಾರೂ ನೋಡಿಲ್ಲ, ನಿಜ. ಅವರೂ ಕೆಟ್ಟ ಮನುಷ್ಯನಲ್ಲ, ಒಂಬತ್ತು ದಿನದಿಂದ ಆ ತಾಯಿಗೆ ಚಹಾ ತಂದುಕೊಡುತ್ತಿರುವವರು ಅವರೇ. ಕಿಷ್ಟಮ್ಮ ಅಲುಗುವುದಿಲ್ಲ.

"ಇಲ್ರಿ. ನಾ ಒಗದೀನಿ ಅಂತ ಮೊದಲ ಬರಕೊಳ್ರಿ. ಎಲ್ಲಿ ನಿಂತು ಒಗದೆ, ಯಾ ಕಡೀ ಒಗದೆ, ಎಲ್ಲಾ ಬರಕೊಂಡು ಹೆಬ್ಬೆಟ್ಟು ತಗೋರಿ. ಆಮ್ಯಾಗ ಹುಡುಕ್ತೀನಿ. ಸುಳ್ಳಿನ ಮ್ಯಾಗ ಆಕಿನ್ನ ಎಬ್ಬಿಸಿದ್ರ ಆಕಿ ಹೆಂಗ ನಿಲ್ತಾಳ್ರಿ?"

ಡಾಕ್ಟರ್ ರಜಿನಿ ಪೆನ್ನು ತೆಗೆಯುತ್ತಾರೆ. ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು, ಹೊತ್ತು, ದಿಕ್ಕು, ಅಂತರ ಎಲ್ಲ ಬರೆದು, ಇನ್ನೂ ಏನೂ ಸಿಕ್ಕಿಲ್ಲ ಎಂಬುದನ್ನೂ ಬರೆದು, ಹಳ್ಳಿಯ ಇಬ್ಬರು ಪಂಚರ ಸಹಿ ಹಾಕಿಸಿ ಓದಿ ಹೇಳುತ್ತಾರೆ. ಹನ್ನೆರಡು ವರ್ಷ ಕಾಗದಗಳಲ್ಲೆಲ್ಲ ಕೂಲಿಯಾಳು ಎಂದಷ್ಟೇ ಇದ್ದವರು. ಕಿಷ್ಟಮ್ಮ, ಗಂಡನ ಹೆಸರು ನರಸಿಂಹುಲು ಎಂದು ಪಂಚನಾಮೆಗೆ ಬಿದ್ದದ್ದು ಇದೇ ಮೊದಲು, ಅದೂ ತಪ್ಪಿಗಾಗಿ. ಹೆಬ್ಬೆಟ್ಟು ಒತ್ತಿ, ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. ಹೊತ್ತು ನೆತ್ತಿಯ ಮೇಲಿದೆ, ಇವತ್ತಿಗೆ ಏನೂ ಕಾಣುವುದಿಲ್ಲ. ನಾಳೆಯ ಬಿಸಿಲಿಗೇ ಕಾಯಬೇಕು. ನಾಳೆ ಸಂಜೆಗೆ ನೀರು.

ಹತ್ತನೆಯ ಬೆಳಗು. ನೀರಿನ ವಾಸನೆ ಆಗಲೇ ಗಾಳಿಯಲ್ಲಿದೆ. ಕಿಷ್ಟಮ್ಮ ಮೊದಲ ದಿನ ಕುಳಿತಲ್ಲೇ ಕುಳಿತು, ಮೂಡಲಿಗೆ ಮುಖ ಮಾಡಿ, ಬರಿಗೈಯನ್ನು ತೂರುವಂತೆ ಬೀಸುತ್ತಾರೆ. ಕೈ ಎತ್ತ ಹೋಯಿತು ನೋಡುತ್ತಾರೆ. ಇನ್ನೊಮ್ಮೆ ಬೀಸುತ್ತಾರೆ. ದೂರದಿಂದ ನೋಡಿದರೆ ಖಾಲಿ ನೆಲದಲ್ಲಿ ಒಬ್ಬ ಹೆಂಗಸು ಕಾಣದವರಿಗೆ ಏನನ್ನೋ ಹಂಚುತ್ತಿದ್ದಾಳೆ ಅನ್ನಿಸುತ್ತದೆ. ಬಿಸಿಲು ಅಡ್ಡ ಬೀಳುತ್ತದೆ, ನೆರಳುಗಳು ಏಳುತ್ತವೆ. ದಾರದಿಂದ ಆರು ಹೆಜ್ಜೆ ಆಚೆಗೆ ಹೋಗಿ ಮೊಣಕಾಲೂರುತ್ತಾರೆ. ನೆಲದ ಮೇಲೆ ಏನಿಲ್ಲ. ಹತ್ತು ದಿನದ ಬಿಸಿಲಿಗೆ ಅಲ್ಲಿ ಎರಡು ಬೆರಳಗಲದ ಬಿರುಕು ಬಿಟ್ಟಿದೆ, ಕತ್ತಲೆ ತುಂಬಿಕೊಂಡಿದೆ.

ಕಿಷ್ಟಮ್ಮ ಬೆರಳುಗಳನ್ನು ನೀರಿನಲ್ಲಿ ಅದ್ದುತ್ತಾರೆ. ಬಿರುಕಿನ ಎರಡೂ ಪಕ್ಕದ ಹೆಂಟೆಗಳನ್ನು ಬಿದಿರುಕಡ್ಡಿಯಿಂದ ಸಡಿಲಿಸಿ, ಕೈ ಇಳಿಸುತ್ತಾರೆ. ಮಣಿಕಟ್ಟಿನವರೆಗೆ. ಮೊಣಕೈಯವರೆಗೆ. ಮೇಲೆ ನೆಲ ಒಣಗಿದ್ದರೂ ಒಳಗೆ ತಂಪಿದೆಯಂತೆ, ತಂಪಿನ ಕೆಳಗೆ ಒದ್ದೆ. ಡಾಕ್ಟರು ಪಕ್ಕದಲ್ಲಿ ಕ್ಯಾಮರಾ ಹಿಡಿದು ನಿಂತಿದ್ದಾರೆ, ಆಂಜನೇಯುಲು ಟೊಪ್ಪಿಗೆ ತೆಗೆದಿದ್ದಾರೆ. ಎಷ್ಟೋ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಕಿಷ್ಟಮ್ಮನ ಕೈ ಇಳಿಯುವುದು ನಿಲ್ಲುತ್ತದೆ.

"ಹಿಡೀತು" ಎನ್ನುತ್ತಾರೆ.

ಮೇಲೆ ಬಂದ ಅಂಗೈಯಲ್ಲಿ ಹುರಿಗಡಲೆಗಿಂತ ಒಂದಿಷ್ಟು ಉದ್ದದ, ಮಣ್ಣಿನ ಬಣ್ಣದ ಚೂರಿದೆ. ಒಂದು ತುದಿ ಎಲ್ಲ ಬೆರಳೆಲುಬಿನ ಹಾಗೆಯೇ ಇದೆ. ಇನ್ನೊಂದು ತುದಿ ಮೊಂಡು, ಗುಂಡಗೆ, ನುಣ್ಣಗೆ. ಎಂದೋ ಮುರಿದು, ವರ್ಷಗಟ್ಟಲೆ ಜೀವಂತ ಮೈಯಲ್ಲಿ ಮಾಗಿ, ಮುಚ್ಚಿಕೊಂಡದ್ದು. ಡಾಕ್ಟರ್ ರಜಿನಿ ಭೂತಗನ್ನಡಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಾರೆ, ಬುಡದ ಎಲುಬಿಗೆ ಜೋಡಿಸುತ್ತಾರೆ. ಸರಿಯಾಗಿ ಕೂರುತ್ತದೆ. ಅವರು ಹೌದೆಂದು ತಲೆಯಾಡಿಸುತ್ತಾರೆ.

ಹೊಸ್ತಿಲವರೆಗೆ ನಡೆದು ಹೋಗಿ ಹೇಳುವುದು ಡಾಕ್ಟರ ಕೆಲಸ. ಅವರು ಹೋಗುತ್ತಾರೆ. ಶಿವಬಸಮ್ಮ ಅಳುವುದಿಲ್ಲ. ಎದ್ದು, ಸೆರಗು ಸರಿಮಾಡಿಕೊಂಡು, ನಾರಾಯಣಪೇಟೆಯ ದಿಕ್ಕಿಗೆ ತಿರುಗಿ, ಅಲ್ಲಿ ಯಾರೋ ನಿಂತಿರುವ ಹಾಗೆ ಗಟ್ಟಿಯಾಗಿ ಹೇಳುತ್ತಾರೆ: "ನನ್ನ ಮಗಳು ಎಲ್ಲಿಗೂ ಹೋಗಿಲ್ಲ."

ಸಂಜೆ ನೀರು ಬಂತು. ಮೊದಲು ಬಿರುಕುಗಳು ತುಂಬಿದವು, ಆಮೇಲೆ ಹೊಸ್ತಿಲುಗಳು ಮುಳುಗಿದವು. ಮೊದಲೇ ಬರೆದುಕೊಂಡ ಆ ತಪ್ಪೊಪ್ಪಿಗೆಯೇ ಎಲುಬನ್ನು ಕಾಯುವ ದೊಡ್ಡ ಸಾಕ್ಷಿ ಎಂದು ಆಂಜನೇಯುಲು ಈಗ ತಾವೇ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದಾರೆ. ತಂದು ಹಾಕುವವರು ಕಳೆದುಹೋಗಿದೆ ಎಂದು ಮೊದಲು ಬರೆಸುವುದಿಲ್ಲವಲ್ಲ. ಸರಿತಾಳ ಗಂಡನನ್ನು ಹಿಡಿದಿದ್ದಾರೆ, ಮೊಕದ್ದಮೆ ಶುರುವಾಗಬೇಕು. ಎಲುಬುಗಳೆಲ್ಲ ಮೊಹರು ಹಾಕಿದ ಪೆಟ್ಟಿಗೆಯಲ್ಲಿವೆ. ತೀರ್ಪು ಬರುವವರೆಗೆ ತಾಯಿಗೂ ಮುಟ್ಟಲು ಕೊಡುವಂತಿಲ್ಲ, ಅದು ಕಾನೂನು.

ನಿಮಗೆ ಏನಾದರೂ ಬೇಕಾ ಎಂದು ಕೇಳಿದರೆ ಕಿಷ್ಟಮ್ಮ ಆ ಪೆಟ್ಟಿಗೆಯ ಮಾತನ್ನೇ ತೆಗೆಯುತ್ತಾರೆ. "ಪೆಟ್ಟಿಗಿ ಬಿಟ್ಟ ದಿವಸ ನನಗ ಖಬರ್ ಕೊಡ್ಲಿ. ಗೋಣಿಚೀಲದಾಗ ಸುರುವಿ ಕೊಡ್ತಾರ್ರಿ ಒಮ್ಮೊಮ್ಮೆ. ನಾ ಹೋಗಿ ಚಾಪಿ ಮ್ಯಾಗ ತಲಿಯಿಂದ ಕಾಲಿನತನ ಬರಾಬರ್ ಜೋಡಿಸಿ ಕೊಡ್ತೀನಿ. ಮಲಗಿದಂಗ. ಈ ಸಲ ಅಂಗಾತ."

ಶಿವಬಸಮ್ಮ ಹೋದ ವಾರ ಇವರ ಮನೆ ಹುಡುಕಿಕೊಂಡು ಬಂದಿದ್ದರು. ಕೊಟ್ಟ ನೀರು ಕುಡಿದರು. ಕಿಷ್ಟಮ್ಮನ ಎಡಗೈಯನ್ನು ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಒಂದೊಂದೇ ಬೆರಳನ್ನು, ಒಂದೊಂದೇ ಗೆಣ್ಣನ್ನು ಮುಟ್ಟಿ ಎಣಿಸುತ್ತಾ ಬಂದರು. ಕಿರುಬೆರಳಿನ ಎರಡನೆಯ ಗೆಣ್ಣಿಗೆ ಬಂದು ನಿಲ್ಲಿಸಿದರು. ಮುಂದಿನದನ್ನು ಎಣಿಸಲಿಲ್ಲ, ತಮ್ಮ ಮುಷ್ಟಿಯಲ್ಲಿ ಮುಚ್ಚಿ ಹಿಡಿದರು.

"ಬಸ್ಸಿನ ಹೊತ್ತು ಮೀರಿತು ಅಂತ ನಮ್ಮನ್ಯಾಗಿನವರು ಎರಡು ಸರ್ತಿ ಬಂದು ಹೇಳಿದ್ರು" ಎನ್ನುತ್ತಾರೆ ಕಿಷ್ಟಮ್ಮ. "ಆಕಿ ಬಿಡಲಿಲ್ಲ. ನಾನೂ ಬಿಡಿಸ್ಕೊಳ್ಳಲಿಲ್ರಿ."